ಖಾಲಿ ಹಿಮ

ಸೊಳ್ಳೆಯಿಂದ ಬಂದ ಜ್ವರದಲ್ಲಿ ಗಂಡ ಹೋದ. ಅವನ ಕೊನೆಯ ರಕ್ತದಿಂದ ಬೇರ್ಪಡಿಸಿದ ವೈರಸ್ಸಿನ ಹೊರಮೈ ಪ್ರೋಟೀನಿನ ರಚನೆ ಬಿಡಿಸುವ ಕೆಲಸವನ್ನು ನಾನೇ ಕೇಳಿ ಪಡೆದೆ. ನನ್ನ ವೃತ್ತಿಯೇ ಅದು.

ಅತ್ತೆಗೆ ಒಂದೇ ಪ್ರಶ್ನೆ. "ಚಿಕ್ಕಂದಿನಿಂದ ಒಬ್ಬರ ಮೇಲೂ ಕೈ ಎತ್ತಿದವನಲ್ಲ ಕಣೇ. ಇದರ ಹತ್ರನಾದ್ರೂ ಹೊಡೆದಾಡಿದ್ನಾ, ಇಲ್ಲ ಸುಮ್ನೆ ಮಲಗಿಬಿಟ್ನಾ?"

ಹೊಡೆದಾಡಿದ್ದರೆ ಕಾಣಬೇಕು. ರೋಗದ ವಿರುದ್ಧ ದೇಹ ಕಳಿಸಿದ ಪ್ರತಿಕಾಯ ಆ ಪ್ರೋಟೀನನ್ನು ಕಚ್ಚಿ ಹಿಡಿದಿರುತ್ತದೆ.

ವೈರಸ್ಸನ್ನು ತೆಳು ಹಿಮದಲ್ಲಿ ಹುದುಗಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆಯುತ್ತೇವೆ. ಒಂದೊಂದು ಚಿತ್ರವೂ ಬರೀ ಬೂದಿ. ಸಾವಿರಾರು ಚಿತ್ರಗಳನ್ನು ಕಂಪ್ಯೂಟರ್ ಒಂದರ ಮೇಲೊಂದು ಪೇರಿಸಿದಾಗ ಆಕಾರ ಮೇಲೇಳುತ್ತದೆ. ಹೋಲಿಸಿ ಜೋಡಿಸಿಕೊಳ್ಳಲು ಅದಕ್ಕೆ ಮೊದಲೇ ಒಂದು ಅಚ್ಚು ಕೊಟ್ಟರೆ ಕೆಲಸ ಬೇಗ ಮುಗಿಯುತ್ತದೆ. ಪ್ರತಿಕಾಯ ಕಚ್ಚಿಕೊಂಡಿರುವ ಹಳೆಯ ಮಾದರಿಯೊಂದನ್ನು ಅಚ್ಚಾಗಿ ಕೊಟ್ಟೆ.

ಎದ್ದಿತು. ನೆಲಕ್ಕೆ ಹಾಸಿದ ಕಲ್ಲುಗಳಂತೆ ಜೋಡಿಜೋಡಿಯಾಗಿ ಚಪ್ಪಟೆ ಮಲಗಿದ ಪ್ರೋಟೀನು. ಅದರ ತುದಿಯನ್ನು ಕಚ್ಚಿ ಹಿಡಿದ ಮುಷ್ಟಿಯಂಥ ಗಂಟು.

ಪಕ್ಕದ ಮೇಜಿನ ಸಹೋದ್ಯೋಗಿಯನ್ನು ನಾವು ಐಸಣ್ಣ ಎನ್ನುತ್ತೇವೆ. ಹಿಮದ ಹದ ಅವನ ಕೈಗಷ್ಟೇ ಒಲಿಯುತ್ತದೆ. ಪರದೆ ನೋಡಿ ತಲೆ ಕೆರೆದುಕೊಂಡ.

"ಅಲ್ಲ ತಾಯಿ, ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅಚ್ಚು ಯಾವುದು ಕೊಟ್ಟೆ?"

ಹೇಳಿದೆ.

"ಹಂಗಾದ್ರೆ ವೈರಸ್ಸೇ ಇಲ್ಲದ ಹಿಮ ಹಾಕಿ ನೋಡು. ಅದ್ರಲ್ಲೂ ಬಂದ್ರೆ ಆ ಗಂಟು ಅವನದಲ್ಲ, ನಿನ್ನ ತಲೇದು."

ಖಾಲಿ ಹಿಮದ ಚಿತ್ರಗಳನ್ನು ಹಾಕಿದೆ. ಊಟ ಮುಗಿಸಿ ಬರುವಷ್ಟರಲ್ಲಿ ಪರದೆಯ ಮೇಲೆ ಅದೇ ಪ್ರೋಟೀನು, ಅದೇ ಮುಷ್ಟಿ. ಏನೂ ಇಲ್ಲದ ಕಡೆಯಿಂದ ಎದ್ದು ಬಂದಿತ್ತು.

ಅಚ್ಚು ತೆಗೆದುಹಾಕಿ ಗಂಡನ ಚಿತ್ರಗಳನ್ನೇ ಮತ್ತೆ ಪೇರಿಸಿದೆ. ಪ್ರೋಟೀನು ಮಾತ್ರ ಬಂತು, ನುಣ್ಣಗೆ. ಅದನ್ನು ಯಾರೂ ಮುಟ್ಟಿರಲಿಲ್ಲ.

ಸಂಜೆ ಅತ್ತೆಗೆ ಹೇಳಿದೆ. ಬಟ್ಟೆ ಮಡಚುತ್ತಿದ್ದವರು ತಲೆಯೆತ್ತಲಿಲ್ಲ.

"ಇನ್ನೊಂದ್ಸಲ ನೋಡೇ. ನೀನು ಮೊದಲಿಂದ್ಲೂ ಅವಸರದವಳು."

ಮರುದಿನ ಐಸಣ್ಣ ಬರುವ ಮೊದಲೇ ಹೋದೆ. ಗಂಡನ ಚಿತ್ರಗಳ ತಂಟೆಗೆ ಹೋಗಲಿಲ್ಲ. ಖಾಲಿ ಹಿಮದವನ್ನೇ ತೆರೆದೆ, ಹಳೆಯ ಅಚ್ಚನ್ನೇ ಕೊಟ್ಟೆ, ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡೆ. ಬೂದಿ ಅಲುಗಿತು. ಮೊದಲು ಗೆಣ್ಣುಗಳಂಥವು ಮೂಡಿದವು.

ಈ ಸಲ ಮುಷ್ಟಿ ಬೇಗ ಬಂತು.