ಹನ್ನೊಂದು ಸೆಕೆಂಡಿನ ಅಮ್ಮಚ್ಚಿ

ಪೂರ್ತಿ ಕೇಳು ಮೋನೇ, ಅರ್ಧ ಕೇಳಿ ಓಡ್ಬೇಡ, ಆಮೇಲೆ ಬಂದು ನನ್ ಮುಂದೆ ಅಳ್ಬೇಡ ಅಂತ ಹಾರ್ಡ್ ಡಿಸ್ಕ್ ಅಂಗಡಿಯ ಜಮಾಲಿಕ್ಕ ಗಾಜಿನ ಪೆಟ್ಟಿಗೆಯ ಮೇಲೆ ಉಗುರಿನಿಂದ ಕುಟ್ಟುತ್ತಾರೆ, ಟಿಕ್ ಟಿಕ್ — ಅಯ್ಯೋ ಆ ಸದ್ದು ಬೇಡ, ಅದೊಂದನ್ನು ಬಿಟ್ಟು ಬೇರೆ ಏನಾದರೂ ಮಾಡಿ ಇಕ್ಕಾ, ಮಂಗಳವಾರದಿಂದ ನನ್ನ ಕಿವಿಯೊಳಗೆ ಅದೇ ಇದೆ, ನನ್ನ ಕಾಲಿಗೇ ವೈರು ಸಿಕ್ಕಿ ಸ್ಟುಡಿಯೋ ಮೇಜಿನಿಂದ ಹಾರ್ಡ್ ಡಿಸ್ಕ್ ಬಿದ್ದದ್ದು, ಮಂಡಿಯೆತ್ತರ, ಅಷ್ಟೇ, ಎತ್ತಿ ಒರೆಸಿ ಮತ್ತೆ ಚುಚ್ಚಿದರೆ ಒಳಗೆ ಯಾರೋ ಕೂತು ಬಾಗಿಲು ಕೆರೆದ ಹಾಗೆ ಟಿಕ್, ಟಿಕ್, ಟಿಕ್. ಬೆಳಿಗ್ಗೆ ಡೇಟಾ ತೆಗೆಯುವವರ ಹತ್ತಿರ ಹೋಗಿಬಂದೆ, ಬಿಚ್ಚಿ ತೋರಿಸಿದರು, ಕನ್ನಡಿಯಂಥ ತಟ್ಟೆಯ ಮೇಲೆ ಬೂದಿ ಬಣ್ಣದ ಒಂದು ಉಂಗುರ, ಓದುವ ಮುಳ್ಳು ತಾಗಿ ಕೆರೆದುಬಿಟ್ಟಿದೆ, ಇದ್ರಲ್ಲಿ ಇನ್ನೇನೂ ಸಿಗಲ್ಲ ಅಂದರು, ಊದಿದರೆ ಹಾರುವಷ್ಟು ಪುಡಿ, ಆ ಪುಡಿಯಲ್ಲಿ ನಮ್ಮ ಕ್ಯಾಮೆರಾ ಹಿಡಿದ ಎಷ್ಟು ಮದುವೆ, ಎಷ್ಟು ಮಕ್ಕಳ ಜ್ಞಾನಸ್ನಾನ, ಮತ್ತೆ ಔದಚ್ಚನ್ ಮೇಷ್ಟ್ರ ಶವಸಂಸ್ಕಾರ. ಪುಡಿ ನನ್ನ ಹೆಬ್ಬೆರಳಿಗೂ ಹತ್ತಿತು. ಪ್ಯಾಂಟಿಗೆ ಒರೆಸಿಕೊಂಡೆ. ಥೂ, ಒರೆಸಿಕೊಂಡೆನಲ್ಲ.

ಈಗ ಮತ್ತೆ ಎರ್ನಾಕುಳಂನ ಇದೇ ಗಲ್ಲಿ, ಇದೇ ಗಾಜು, ಒಳಗೆ ಸಾಲಾಗಿ ಮಲಗಿರುವ ಡಬ್ಬಗಳು, ಕಪ್ಪು, ನೀಲಿ, ರಬ್ಬರ್ ಅಂಗಿ ಹಾಕಿಕೊಂಡಿರುವವು, ಎಲ್ಲದರ ಮೇಲೂ ನಗುವ ಒಂದು ಸಂಸಾರ, ಅಪ್ಪ ಅಮ್ಮ ಮಗು, ಇವರ ಹಲ್ಲು ನೋಡಿದರೇ ವಾಕರಿಕೆ. ಹೋದ ತಿಂಗಳು ಈ ಡಬ್ಬಗಳ ಮುಂದೆ ನಿಂತು ನಾನೇ ಭಾಷಣ ಬಿಗಿದಿದ್ದೆ, ವೇಗ ಎಷ್ಟು, ಗ್ಯಾರಂಟಿ ಎಷ್ಟು ವರ್ಷ, ತಿರುಗುವ ತಟ್ಟೆಯದು ಯಾಕೆ, ತಟ್ಟೆಯಿಲ್ಲದ್ದು ಯಾಕೆ ಬೇಡ, ನಲವತ್ತು ವಿಡಿಯೋ ನೋಡಿದ್ದೆ ನಾನು, ಸ್ಟುಡಿಯೋ ಮಾಲೀಕ ಕುರಿಯಾಚ್ಚನ್ ಚೇಟ್ಟನ ತಲೆ ತಿಂದು ತಿಂದು ಐದು ಟಿಬಿಯದು ಒಂದೇ ಒಂದು ದೊಡ್ಡದು ತೆಗೆಸಿದ್ದೆ, ಎಲ್ಲಾ ಒಂದೇ ಕಡೆ ಚೇಟ್ಟಾ, ನೀಟಾಗಿ, ಬ್ಯಾಕಪ್ ಅಂದ್ರೆ ಹೀಗಿರ್ಬೇಕು ಅಂತ — ಹಳೆಯ ನಾಲ್ಕು ಡಿಸ್ಕಿನಲ್ಲಿದ್ದದ್ದನ್ನೆಲ್ಲ ಅದಕ್ಕೆ ಸುರಿದು, ಆ ನಾಲ್ಕನ್ನೂ ಅಳಿಸಿ ಮಾರಿಸಿದ್ದೂ ನಾನೇ. ಅದುಕ್ಕೆ ಬ್ಯಾಕಪ್ ಅಂತಾರೇನೋ ಅಂತ ಜಮಾಲಿಕ್ಕ ಈಗ ಕೇಳುತ್ತಾರೆ, ನೀನು ಮಾಡಿದ್ದು ಮನೆ ಖಾಲಿ ಮಾಡಿ ಇನ್ನೊಂದು ಮನೆಗೆ ಹೋದ ಹಾಗಾಯ್ತು, ಎರಡು ಕಡೆ ಇದ್ರೆ ಬ್ಯಾಕಪ್, ಒಂದೇ ಕಡೆ ಇದ್ರೆ ಅದು ಬರೀ ಇರೋದು ಅಷ್ಟೇ, ಎರಡು ಡಿಸ್ಕ್ ತಗೋ, ಎರಡೂ ಬೇರೆ ಬೇರೆ ಕಂಪನಿದು, ಒಂದು ಸ್ಟುಡಿಯೋದಲ್ಲಿ, ಇನ್ನೊಂದು ನಿಮ್ಮಮ್ಮನ ಕಪಾಟಲ್ಲಿ, ಯಾವುದು ಒಳ್ಳೇದು ಅಂತ ಕೇಳ್ಬೇಡ, ಯಾವತ್ತಾದ್ರೂ ಒಂದಿನ ಎಲ್ಲಾನೂ ಸಾಯ್ತವೆ, ಎರಡೂ ಒಂದೇ ದಿನ ಸಾಯದ ಹಾಗೆ ನೋಡ್ಕೋ. ಎಷ್ಟು ಸಲೀಸಾಗಿ ಹೇಳಿಬಿಟ್ಟರು. ನಲವತ್ತು ವಿಡಿಯೋದಲ್ಲೂ ಇದನ್ನೇ ಹೇಳಿದ್ದರು, ಆಗೆಲ್ಲ ನಾನು ಮುಂದೆ ಓಡಿಸುತ್ತಿದ್ದೆ, ನನಗೆ ಬೇಕಿದ್ದದ್ದು ವೇಗ.

ಫೋನು ಗುರ್ ಅಂತಿದೆ, ಚೇಟ್ಟ. ಎಡಾ ಜೆಬಿನೇ, ಕಳಿಸಿದ್ಯಾ? ಕಳಿಸ್ತೀನಿ ಚೇಟ್ಟಾ. ಕಳಿಸ್ತೀನಿ ಕಳಿಸ್ತೀನಿ ಅಂತ ನಿನ್ನೆಯಿಂದ ಹಾಡ್ತಿದೀಯ, ಆ ಹುಡುಗಿ ನಂಗೆ ಮೂರು ಮೆಸೇಜ್ ಹಾಕಿದಾಳೆ. ಹುಡುಗಿಯಲ್ಲ, ಬಿನ್ಸಿ ಚೇಚಿ, ಮೇಷ್ಟ್ರ ಮಗಳು, ಐರ್ಲೆಂಡಿನಲ್ಲಿ ನರ್ಸು, ಹೆರಿಗೆಯಾಗಿ ಹನ್ನೆರಡು ದಿನ, ಅಪ್ಪ ಸತ್ತಾಗ ಬರಲಾಗಲಿಲ್ಲ, ನಮ್ಮ ಲೈವ್ ನೋಡುತ್ತಾ ಕೂತಿದ್ದಳು — ನಮ್ಮ ಪಾಲಾ ಕಡೆ ಮದುವೆಗೆ ಒಂದು ಕ್ಯಾಮೆರಾ ಕಮ್ಮಿಯಾದರೂ ಸಾವಿಗೆ ಎರಡು ಇರಲೇಬೇಕು, ಮಕ್ಕಳೆಲ್ಲ ಹೊರಗಲ್ಲವೇ — ಶವಪೆಟ್ಟಿಗೆ ಚರ್ಚಿನ ಮೆಟ್ಟಿಲು ಹತ್ತುವಾಗ ನೆಟ್‌ವರ್ಕ್ ಹೋಯಿತು, ಅಲ್ಲಿಂದಾಚೆ ಅವಳಿಗೆ ತಿರುಗುವ ಒಂದು ಚಕ್ರ ಮಾತ್ರ ಕಂಡದ್ದು. ಚರ್ಚಿನೊಳಗೆ ಫೋನು ತೆಗೆಯಲು ಪಾದ್ರಿ ಅಚ್ಚನ್ ಬಿಡುವುದಿಲ್ಲ, ಲೈವಿನದು ಬಿಟ್ಟರೆ ಒಳಗಿದ್ದದ್ದು ನನ್ನ ಕೈಯ ಕ್ಯಾಮೆರಾ ಒಂದೇ, ಅದರ ಕಾರ್ಡನ್ನು ದೊಡ್ಡ ಡಿಸ್ಕಿಗೆ ಸುರಿದು ಶನಿವಾರದ ನಿಶ್ಚಿತಾರ್ಥಕ್ಕೆ ಅಳಿಸಿದ್ದೆ. ಮೋನೇ, ಪೂರ್ತಿ ಎಡಿಟ್ ಆಮೇಲೆ ಮಾಡು, ನಂಗೆ ಅಮ್ಮಚ್ಚಿ ಅಪ್ಪಂಗೆ ಕೊನೇ ಮುತ್ತು ಕೊಟ್ಟಿದ್ದು ಒಂದು ಕಳಿಸ್ತೀಯಾ, ಅದಷ್ಟೇ ಸಾಕು, ಅಂತ ಬರೆದಿದ್ದಳು, ಅಮ್ಮಚ್ಚಿ ಅಂದರೆ ಅವಳ ತಾಯಿ, ಬೈದಿರಲಿಲ್ಲ, ಬೈದಿದ್ದರೆ ಎಷ್ಟೋ ವಾಸಿ.

ನಿನ್ನೆ ಮಧ್ಯಾಹ್ನ ಚೇಟ್ಟ ಪೊರೊಟ್ಟ ಹರಿಯುತ್ತಾ, ಬೀಫ್ ಫ್ರೈಯ ಎಣ್ಣೆ ಮೊಣಕೈವರೆಗೆ ಇಳಿಸಿಕೊಂಡು, ಎಡಾ ನೀನ್ಯಾಕೆ ಸತ್ತೋನ ಥರ ಮುಖ ಮಾಡ್ಕೊಂಡಿದೀಯ, ಸತ್ತಿರೋದು ಮೇಷ್ಟ್ರು ಕಣೋ, ಶುಕ್ರವಾರ ಮಣ್ಣು ಮಾಡಿದ್ರಲ್ಲ ಪಾಪ್ಪಚ್ಚನ್, ಅವನ ಕಾರ್ಡ್ ಇನ್ನೂ ಅಳಿಸಿಲ್ಲ ತಾನೇ, ಅದೇ ಚರ್ಚು, ಅದೇ ಅಚ್ಚನ್, ಅದೇ ಕಪ್ಪು ವೆಲ್ವೆಟ್ ಪೆಟ್ಟಿಗೆ, ಅವನ ಹೆಂಡ್ತಿ ಬಗ್ಗೋದು ಇದೆಯಲ್ಲ, ಅದನ್ನೇ ಕೊಡು. ಚೇಟ್ಟಾ ಅವ್ರು ಬೇರೆ ಮನೆಯೋರು. ಹಿಂದಿನಿಂದ ನೋಡೋ ಮಂಗಾ, ಹಿಂದಿನಿಂದ ನಮ್ಮೂರಲ್ಲಿ ಇರೋದು ಒಬ್ಳೇ ಅಮ್ಮಚ್ಚಿ — ಅಂದು ಪರದೆಗೆ ಬೆರಳು ಒತ್ತಿದ, ಪಾಪ್ಪಚ್ಚನ್‌ನ ಪೆಟ್ಟಿಗೆಯ ಮೇಲೆ ಎಣ್ಣೆಯ ಹಳದಿ ಗುರುತು ಕೂತಿತು, ಅದನ್ನೂ ಒರೆಸಿದವನು ನಾನೇ. ನಿಜ ಹೇಳಬೇಕೆಂದರೆ ಚೇಟ್ಟ ಹೇಳಿದ್ದು ಸುಳ್ಳಲ್ಲ, ಚಟ್ಟ ಅನ್ನುವ ಬಿಳಿ ರವಿಕೆ, ಬಿಳಿ ಮುಂಡು, ಸೊಂಟದ ಹಿಂದೆ ಬೀಸಣಿಗೆಯ ಹಾಗೆ ಬಿಚ್ಚಿಕೊಂಡ ನೆರಿಗೆ, ಎಪ್ಪತ್ತು ದಾಟಿದ ಯಾವ ಅಮ್ಮಚ್ಚಿಯಾದರೂ ಅಷ್ಟೇ. ಏಳು ಸೆಕೆಂಡು ಇತ್ತು, ಮುಖ ತಿರುಗುವ ಮೊದಲು ಕತ್ತರಿಸಿದೆ, ನಿಧಾನ ಮಾಡಿ ಹನ್ನೊಂದಕ್ಕೆ ಎಳೆದೆ, ಬೆಳಕು ಸ್ವಲ್ಪ ಇಳಿಸಿದೆ, ಹಿಂದೆ ಚರ್ಚಿನ ಗಾಯಕರ ಹಾಡು ಹಾಕಿದೆ, ಜೋಡಣೆ ಎಷ್ಟು ಚೆನ್ನಾಗಿ ಕೂತಿತೆಂದರೆ ಖುಷಿಯಾಗಿ ಒಬ್ಬನೇ ತೊಡೆ ತಟ್ಟಿಕೊಂಡೆ. ತೊಡೆ ತಟ್ಟಿಕೊಂಡೆ! ನನ್ನ ಕೈಯನ್ನು ನಾನೇ ಕಡಿದು ಗಟಾರಕ್ಕೆ ಎಸೆಯಬೇಕು.

ಏನಾದ್ರೂ ಒಂದು ಫೈಲ್ ಹಾಕಿ ನೋಡು ಮೋನೇ, ಓದುತ್ತೋ ಇಲ್ವೋ ಇಲ್ಲೇ ಗೊತ್ತಾಗ್ಲಿ ಅಂತ ಜಮಾಲಿಕ್ಕ ಹೊಸ ಡಿಸ್ಕಿನ ವೈರನ್ನು ಕೈಗೆ ಕೊಡುತ್ತಾರೆ, ನನ್ನ ಫೋನಿನಲ್ಲಿ ಏನಿದೆ, ಇದೊಂದೇ ಇದೆ, ಹಾಕಿದೆ, ಅಂಗಡಿಯ ದೊಡ್ಡ ಪರದೆಯಲ್ಲಿ ಅಮ್ಮಚ್ಚಿ ಬಗ್ಗಿದರು, ನೆರಿಗೆ ಬಿಚ್ಚಿತು, ಇಕ್ಕ ತಕ್ಷಣ ಅಂಗಡಿಯ ಹಾಡು ನಿಲ್ಲಿಸಿದರು. ನಿನ್ನ ಅಜ್ಜಿನಾ? ಹೂಂ ಅಂದೆ. ಹೂಂ ಅಂದುಬಿಟ್ಟೆ. ಇಂಥಾದ್ದು ಕಳ್ಕೋಬಾರ್ದು ನೋಡು, ಎರಡನೇದಕ್ಕೂ ಹಾಕ್ಕೋ ಅಂತ ಇನ್ನೊಂದು ಕಂಪನಿಯದನ್ನು ಅವರೇ ಚುಚ್ಚಿ ಅವರೇ ಹಾಕಿದರು, ಎರಡು ಡಿಸ್ಕು, ಎರಡು ಪ್ರತಿ, ನನ್ನ ಜನ್ಮದಲ್ಲಿ ಸರಿಯಾಗಿ ಮಾಡಿದ ಮೊದಲ ಬ್ಯಾಕಪ್ ಇದು, ಈ ಸುಳ್ಳು ಇನ್ನು ಸಾಯುವುದಿಲ್ಲ. ಫೋನು ಮತ್ತೆ ಗುರ್ ಅಂತು, ಚೇಟ್ಟನೇ, ಎತ್ತಲಿಲ್ಲ, ಹೆಬ್ಬೆರಳು ಬಿನ್ಸಿ ಚೇಚಿಗೆ ಕಳಿಸುವ ಬಾಣದ ಗುರುತಿನ ಮೇಲೆ ಹೋಯಿತು, ಒತ್ತಿತು, ಯಾರೋ ಬೇರೆಯವರ ಹೆಬ್ಬೆರಳು ಎಂಬಂತೆ ನೋಡುತ್ತಿದ್ದೆ. ಒಂದು ಟಿಕ್ಕು, ಎರಡು ಟಿಕ್ಕು, ನೀಲಿ.

ಆಮೇಲೆ ನೆನಪಾದದ್ದು, ಇಲ್ಲ, ನೆನಪಿತ್ತು, ಆಚೆ ತಳ್ಳಿದ್ದೆ — ಮೇಷ್ಟ್ರ ಹೆಂಡತಿ ಏಲಿಕುಟ್ಟಿ ಅಮ್ಮಚ್ಚಿ ಅವತ್ತು ಬಗ್ಗಲೇ ಇಲ್ಲ. ಪೆಟ್ಟಿಗೆಯ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದ್ದರು, ಮಂಡಿ ಮಡಚುವುದಿಲ್ಲ, ಮುತ್ತೂ ಕೊಡಲಿಲ್ಲ, ಮುಖದ ಬಟ್ಟೆ ಸರಿಸಿ ಹೊದ್ದ ಮೇಲ್ವಸ್ತ್ರದ ತುದಿಯಿಂದ ಮೇಷ್ಟ್ರ ಬಾಯಿಯ ಅಂಚನ್ನು ಒರೆಸಿದರು, ಗಂಜಿ ಕುಡಿಸಿ ಒರೆಸುವ ಹಾಗೆ, ಎರಡು ಸಲ, ಆಮೇಲೆ ಸಾಕು ಮುಚ್ಚಿ ಅಂದರು. ಕ್ಯಾಮೆರಾದೊಳಗಿಂದ ಅಷ್ಟು ಹತ್ತಿರದಲ್ಲಿ ನೋಡಿದವನು ನಾನೊಬ್ಬ. ಅದನ್ನಾದರೂ ಬರೆಯಬಹುದಿತ್ತು, ಚೇಚೀ ಡಿಸ್ಕ್ ಹೋಯ್ತು, ಆದ್ರೆ ನಾನು ನೋಡಿದ್ದು ಹೀಗೆ ಅಂತ, ನಾಲ್ಕು ಸಾಲು, ಏನು ಖರ್ಚಿತ್ತು ನನಗೆ.

ಬಂತು ಉತ್ತರ. ಧ್ವನಿ. ಕಿವಿಗೆ ಒತ್ತಿ ಹಿಡಿದೆ, ಹಿಂದೆ ಮಗು ಅಳುತ್ತಿದೆ, ಚೇಚಿ ನಗುತ್ತಿದ್ದಾಳೋ ಅಳುತ್ತಿದ್ದಾಳೋ, ಮೋನೇ, ಅಮ್ಮಚ್ಚಿ ಎದ್ದು ನಿಂತ್ಕೊಂಡ್ರಾ, ಆ ಮಂಡಿ ಇಟ್ಕೊಂಡು, ಯಾರೂ ಹಿಡ್ಕೊಳ್ದೆ ಬಗ್ಗಿದ್ರಾ, ನಂಗೆ ಅಣ್ಣ ಹೇಳ್ಲೇ ಇಲ್ಲ ನೋಡು, ನಿನ್ನ ಕೈಗೆ ಪುಣ್ಯ ಬರ್ಲಿ ಮೋನೇ, ಸಂಜೆ ಆರಕ್ಕೆ ಅಮ್ಮಚ್ಚಿಗೆ ವಿಡಿಯೋ ಕಾಲ್ ಮಾಡಿ ಇದನ್ನ ತೋರಿಸ್ತೀನಿ, ನೋಡ್ಲಿ ಪಾಪ, ಅವ್ರ ಧೈರ್ಯ ಅವ್ರೇ ನೋಡ್ಲಿ. ಆರಕ್ಕೆ. ಈಗ ಮೂರೂ ಹತ್ತು. ತನ್ನ ಗಂಡನ ಸಾವಿನಲ್ಲಿ ಇನ್ಯಾರದೋ ಬೆನ್ನು ಬಗ್ಗುವುದನ್ನು ಆ ಮುದುಕಿ ಫೋನಿನಲ್ಲಿ ನೋಡುತ್ತಾರೆ, ಕನ್ನಡಕ ಸರಿಮಾಡಿಕೊಂಡು ನೋಡುತ್ತಾರೆ, ಮಗಳ ಮುಖ ನೋಡುತ್ತಾರೆ, ಹೌದು ನಾನೇ ಅಂತಾರೋ, ಯಾರಮ್ಮಾ ಇವ್ಳು ಅಂತಾರೋ. ಎರಡೂ ಪ್ಯಾಕ್ ಮಾಡ್ಲಾ ಮೋನೇ ಅಂತ ಜಮಾಲಿಕ್ಕ, ಪರದೆ ನಿಲ್ಲಿಸುವುದನ್ನು ಮರೆತಿದ್ದಾರೆ, ಬಿಳಿ ಬೆನ್ನು ಬಗ್ಗುತ್ತದೆ, ನೆರಿಗೆ ಬಿಚ್ಚುತ್ತದೆ, ಮುಖ ತಿರುಗುವ ಮೊದಲೇ ಮತ್ತೆ ಮೊದಲಿನಿಂದ, ಬೆನ್ನು ಬಗ್ಗುತ್ತದೆ, ನೆರಿಗೆ ಬಿಚ್ಚುತ್ತದೆ, ಬೆನ್ನು — ಆರು ಗಂಟೆಯೊಳಗೆ ಆ ಮಗಳಿಗೆ ಫೋನು ಮಾಡಿ ಅದು ನಿಮ್ಮಮ್ಮ ಅಲ್ಲ ಅನ್ನುತ್ತಿದ್ದಿರಾ, ನೀವಾಗಿದ್ದರೆ, ಏನು ಮಾಡುತ್ತಿದ್ದಿರಿ?