ಮಂದೆಯ ದುಡ್ಡು

ನಿಂಗಕ್ಕ ಸೀರೆ ಎತ್ತಿ ಕಟ್ಟಿ, ಮಂದೆಯ ಸುತ್ತ ಬಿಗಿದಿದ್ದ ಬಲೆ ದಾಟಿದಳು. ಒಳಗಿದ್ದ ಕುರಿಗಳು ಬೆದರಿ ಎರಡು ಪಾಲಾದವು.

"ಯಾವನ್ಲೇ ಅದು? ಮರಿ ತುಳೀತೀಯ!" ಪಾಲಣ್ಣ ಕೋಲು ಹಿಡಿದು ಓಡಿಬಂದ. ಗುರುತು ಸಿಕ್ಕಿ ಕೋಲು ಇಳಿಸಿದ. "ಅಯ್ಯೋ, ಸಂಘದ ಅಧ್ಯಕ್ಷರು! ಮತ್ತೋಡಿಂದ ಮಾರಿಕಣಿವೆ ಗಂಟ ಸಾಲ ವಸೂಲಿಗೆ ಬಂದ್ರಾ?"

"ಸಾಲ ಅಲ್ಲ ಪಾಲಣ್ಣ. ಮಂದೆ ದುಡ್ಡಿಗೆ ಬಂದೆ."

ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿದರೆ ಗೊಬ್ಬರಕ್ಕೆಂದು ರೈತ ಕೊಡುವ ದುಡ್ಡು ಅದು. ಕುರಿಗಾರರು ಅದನ್ನು ಸೊಂಟದಲ್ಲಿ ಕಟ್ಟಿಕೊಂಡು ಊರೂರು ಅಲೆಯುತ್ತಾರೆ. ಅವರದೇ ಪತ್ತಿನ ಸಂಘ ಮಾತ್ರ ಚಿತ್ರದುರ್ಗದ ಫೈನಾನ್ಸ್ ಮೂರ್ತಪ್ಪನಿಂದ ಸಾಲ ತಂದು ಅವರಿಗೆ ಸಾಲ ಕೊಡುತ್ತಿತ್ತು. ಮೂರ್ತಪ್ಪನ ಸಾಲ ತೀರಿಸುವ ವಾಯಿದೆ ಯುಗಾದಿಗೆ. ಯುಗಾದಿಯ ಹೊತ್ತಿಗೆ ಮತ್ತೋಡಿನಲ್ಲಿ ಕುರಿಯೂ ಇರುವುದಿಲ್ಲ, ಕುರಿಗಾರನೂ ಇರುವುದಿಲ್ಲ. ಎಲ್ಲರೂ ನೀರಾವರಿ ಸೀಮೆಗೆ ಇಳಿದಿರುತ್ತಾರೆ. ಕುರಿಗಾರರ ಸಂಘವೇ ಆ ತಾರೀಕಿಗೆ ಒಪ್ಪಿ ಸಹಿ ಹಾಕಿತ್ತು. ಮೂರ್ತಪ್ಪ ವರ್ಷವೂ ನಗುತ್ತ ವಾಯಿದೆ ಮುಂದೂಡುತ್ತಿದ್ದ, ಬಡ್ಡಿ ಏರಿಸುತ್ತಿದ್ದ. ಸಂಘಕ್ಕೆ ಲಾಭವೆಂಬುದು ಹುಟ್ಟುವ ಮೊದಲೇ ಅವನ ಜೇಬು ಸೇರುತ್ತಿತ್ತು. ಈ ಸಲ ತೀರಿಸದಿದ್ದರೆ ಸಂಘ ಯಾರಿಗೆ ಸಾಲ ಕೊಡಬೇಕೆಂದೂ ತಾನೇ ಹೇಳುವುದಾಗಿ ಅವನು ತಿಳಿಸಿದ್ದ. ಆಮೇಲೆ ಸಂಘ ಇವರದಾಗಿ ಉಳಿಯುವುದು ಬೋರ್ಡಿನಲ್ಲಿ ಮಾತ್ರ.

"ದಾರಿ ಖರ್ಚಿಗೆ ಬೇಕಲ್ರಿ," ಎಂದ ಪಾಲಣ್ಣ.

"ಖರ್ಚಿಗೆ ಇಟ್ಕಾ. ಮಿಕ್ಕಿದ್ದು ಸಂಘದಾಗೆ ಠೇವಣಿ ಇಡು. ಮೂರ್ತಪ್ಪಂಗೆ ಕೊಡೋ ಬಡ್ಡಿ ನಿಂಗೇ ಕೊಡ್ತೀವಿ. ಅವನೇನು ನಿನಗಿಂತ ಹತ್ರದ ನೆಂಟನಾ?"

ಒಲೆ ಊದುತ್ತಿದ್ದ ಅವನ ಹೆಂಡತಿ ಜಯಕ್ಕ ತಲೆ ಎತ್ತಿದಳು. "ಕೊಟ್ಬಿಡ್ರಿ ಅತ್ಲಾಗೆ. ನಿಮ್ಮ ಸೊಂಟದಾಗಿದ್ರೆ ಹಿರಿಯೂರು ಸಂತೆ ದಾಟಲ್ಲ ಅದು."

ಪಕ್ಕದ ಮಂದೆಯವರು ಗೊಳ್ಳೆಂದು ನಕ್ಕರು. ನಗುತ್ತಲೇ ಅವರೂ ಚೀಲ ಬಿಚ್ಚಿದರು.

ಸಂಘದ ಕಾರ್ಯದರ್ಶಿ ಕಾವ್ಯಶ್ರೀ ಸ್ಕೂಟರ್ ಓಡಿಸಿದಳು; ನಿಂಗಕ್ಕ ಹಿಂದೆ ಕೂತು ರಸೀದಿ ಹರಿದಳು. ಹಿರಿಯೂರಿನ ಸೀಮೆ ಮುಗಿಸಿ ಹಿರೇಗುಂಟನೂರಿನ ಹೊಲಗಳಿಗೆ ಹೋದರು. ಎಲ್ಲಿ ಬಲೆ ಕಂಡರೆ ಅಲ್ಲಿ ಇಳಿದರು. ಮಂದೆಯ ದುಡ್ಡಿನ ಜೊತೆ ಮರಿ ಮಾರಿದ ದುಡ್ಡೂ ಬಂತು. ಬೈಗುಳವೂ ಬಂತು, ಮಜ್ಜಿಗೆಯೂ ಬಂತು. ಯುಗಾದಿಗೆ ಮೊದಲೇ ಚಿತ್ರದುರ್ಗದ ಸಾಲ ಅಸಲು ಬಡ್ಡಿ ಸಮೇತ ತೀರಿತು. ಅಂದು ಕಾವ್ಯಶ್ರೀ ಮೂರ್ತಪ್ಪನ ಫೈನಾನ್ಸಿನಿಂದ ಬಸ್ ಸ್ಟ್ಯಾಂಡಿನವರೆಗೂ ಹಾರನ್ ಒತ್ತುತ್ತಲೇ ಸ್ಕೂಟರ್ ಓಡಿಸಿದಳು.

ಹಬ್ಬ ಕಳೆದ ವಾರ ಮೂರ್ತಪ್ಪನೇ ಕಾರಿನಲ್ಲಿ ಮತ್ತೋಡಿಗೆ ಬಂದ. ಅಷ್ಟು ವರ್ಷಗಳಲ್ಲಿ ಅವನು ಸಂಘದ ಮೆಟ್ಟಿಲು ಹತ್ತಿದ್ದು ಅದೇ ಮೊದಲು.

"ಬರ್ರಿ, ಕುಂತ್ಕಳ್ರಿ," ಎಂದಳು ನಿಂಗಕ್ಕ.

"ಏನಮ್ಮ, ಹಳೇ ಸಂಬಂಧ ಹಿಂಗೆ ಕಡ್ಕಂಡ್ರೆ ಹೆಂಗೆ? ಅರ್ಧ ಬಡ್ಡಿಗೆ ಕೊಡ್ತೀನಿ. ಹೋದ್ಸಲದ ಎರಡರಷ್ಟು ತಗಳ್ರಿ. ವಾಯಿದೆನೂ ಕುರಿ ಊರಿಗೆ ಬಂದ್ಮೇಲೇ ಇಟ್ಕಳ್ಳಾಣ."

ಕಾವ್ಯಶ್ರೀ ಬರೆಯುವುದನ್ನು ನಿಲ್ಲಿಸಿ ನಿಂಗಕ್ಕನ ಮುಖ ನೋಡಿದಳು.

"ಬ್ಯಾಡ," ಎಂದಳು ನಿಂಗಕ್ಕ.