ದುಂಬಿಗೆ ಜೊತೆಯೂಟ

ನನ್ನ ಸೋದರಮಾವ ಮಾತನಾಡಬೇಕಾದರೆ ಮೊದಲು ಅವರ ದನಿ ಚಾರ್ಜ್ ಆಗಬೇಕು. ಗಂಟಲಿನ ಕಾಯಿಲೆಗೆ ಶಸ್ತ್ರಚಿಕಿತ್ಸೆ ಮಾಡಿ ದನಿಪೆಟ್ಟಿಗೆಯನ್ನೇ ತೆಗೆದ ಮೇಲೆ ಅವರ ಕೈಗೆ ಬಂದದ್ದು ಸಣ್ಣ ಟಾರ್ಚಿನಂಥ ಒಂದು ಯಂತ್ರ. ಅದರ ಮೂತಿಯನ್ನು ಕತ್ತಿಗೊತ್ತಿ, ಗುಂಡಿ ಅದುಮಿ, ತುಟಿಯಾಡಿಸಿದರೆ ಗುಂಯ್ ಎನ್ನುವ ಒಂದೇ ಶ್ರುತಿಯಲ್ಲಿ ಮಾತು ಹೊರಡುತ್ತದೆ. ಅತ್ತೆ ಅದಕ್ಕೆ ದುಂಬಿ ಎಂದು ಹೆಸರಿಟ್ಟಿದ್ದಾರೆ. ಮಾವ ರೇಗಿದರೆ, "ಬೈದು ಬೈದು ಚಾರ್ಜ್ ಖಾಲಿ ಮಾಡ್ಕೋಬೇಡಿ, ಸಂಜೆ ಬೈಯೋಕೂ ಸ್ವಲ್ಪ ಇರ್ಲಿ" ಎನ್ನುತ್ತಾರೆ.

ದನಿಯೇ ಮಾವನ ಕಸುಬಾಗಿತ್ತು. ದೊಡ್ಡ ಬಸ್ ನಿಲ್ದಾಣದ ಗಾಜಿನ ಕೋಣೆಯಲ್ಲಿ ಕೂತು, ಯಾವ ಬಸ್ಸು ಯಾವ ಅಂಕಣದಿಂದ ಎಲ್ಲಿಗೆ ಹೊರಡುತ್ತದೆ ಎಂದು ಮೈಕಿನಲ್ಲಿ ಸಾರುವ ಕೆಲಸ. ಪ್ರತಿಯೊಂದನ್ನೂ ಎರಡು ಸಲ ಹೇಳಲೇಬೇಕು ಎನ್ನುವುದು ಅವರು ತಮಗೆ ತಾವೇ ಹಾಕಿಕೊಂಡ ಕಟ್ಟಳೆ. "ಮೊದಲ್ನೇ ಸಲ ಹೇಳೋದು ಕಿವಿ ತೆರೆಯೋಕೆ. ಎರಡ್ನೇ ಸಲ ಹೇಳೋದು ಬಸ್ ಹತ್ತೋಕೆ." ಮೇಲಿನವರು ಒಂದು ಸಲ ಸಾಕು ಎಂದರೂ ಅವರು ಕೇಳಿದವರಲ್ಲ. ಈಗ ಆ ನಿಲ್ದಾಣದಲ್ಲಿ ಮೊದಲೇ ಮುದ್ರಿಸಿಟ್ಟ ಹೆಂಗಸಿನ ದನಿಯೊಂದು ಎಲ್ಲ ಬಸ್ಸುಗಳನ್ನೂ ಒಂದೊಂದೇ ಸಲ ಕರೆಯುತ್ತದೆ.

ಹೀಗಿರುವಾಗ ಮಾವನ ಹಳೆಯ ಗೆಳೆಯ, ಬಂದರಿನ ಬಸ್ಸಿನ ಚಾಲಕ, ಫೋನ್ ಮಾಡಿದರು. ಬರುವ ಭಾನುವಾರ ಸಂಜೆ ಅವರ ಕೊನೆಯ ಓಟ.

"ನನ್ನ ಮೊದಲ್ನೇ ಗಾಡಿ ಬಿಟ್ಟೋನು ನೀನು ಕಣಯ್ಯ. ಕೊನೇದನ್ನೂ ನೀನೇ ಬಿಡ್ಬೇಕು. ಅಧಿಕಾರಿ ಹತ್ರ ಮಾತಾಡಿದೀನಿ, ಅದೊಂದು ಬಸ್ಸಿಗೆ ಹಳೇ ಮೈಕು ಕೊಡ್ತಾರೆ."

"ನನ್ನ ಈ ದನಿ ಕೇಳಿ ಜನ ಓಡಿಹೋಗ್ತಾರೆ," ಎಂದಿತು ದುಂಬಿ.

"ಇಂಜಿನ್ ಸದ್ದಲ್ಲಿ ನಿನ್ನ ದನಿ ನಂಗೆ ಯಾವತ್ತು ಕೇಳಿಸಿತ್ತು? ಗಾಜಿನೊಳಗೆ ನಿನ್ನ ತುಟಿ ನಿಂತ್ಮೇಲೆ ತಾನೇ ನಾನು ಗೇರ್ ಹಾಕ್ತಿದ್ದಿದ್ದು?"

ಮಾವ ಆ ಇಡೀ ವಾರ ಕನ್ನಡಿಯೆದುರು ಅಭ್ಯಾಸ ಮಾಡಿದರು. 'ಬ', 'ಪ' ಎರಡೂ ದುಂಬಿಯ ಬಾಯಲ್ಲಿ ಒಂದೇ ಆಗಿಬಿಡುತ್ತವೆಂದು ಬಂದರಿನ 'ಬ'ವನ್ನು ತುಟಿಯಲ್ಲಿ ಹಿಡಿದು, ಬಿಟ್ಟು, ಮತ್ತೆ ಹಿಡಿದು ತಿದ್ದಿದರು. ಬಾಗಿಲ ಸಂದಿಯಿಂದ ನೋಡುತ್ತಿದ್ದ ನನಗೆ ನನ್ನ ಬಗ್ಗೆಯೇ ನಾಚಿಕೆಯಾಯಿತು. ಪದವಿ ಮುಗಿಸಿ, ಗಂಟಲು ಸರಿಯಾಗಿದ್ದೂ, ಅಂಗಡಿಯಲ್ಲಿ ಒಂದು ಸೋಪು ಕೇಳಲು ಪಕ್ಕದವರು ಕೇಳಿ ಮುಗಿಸಲಿ ಎಂದು ಕಾಯುವವಳು ನಾನು. ಮಾವ ನನ್ನನ್ನು ಕರೆಯುವುದೇ ಪಿಸುಮಾತಮ್ಮ ಎಂದು.

ಪ್ರಯಾಣಕ್ಕೆಂದು ನಾನೊಂದು ಹೊಸ ಪವರ್ ಬ್ಯಾಂಕ್ ತಂದುಕೊಟ್ಟಿದ್ದೆ. ಶನಿವಾರ ರಾತ್ರಿ ಅತ್ತೆ ದುಂಬಿಯನ್ನು ಅದಕ್ಕೇ ಸಿಕ್ಕಿಸಿ ಮಲಗಿದರು. ಬೆಳಿಗ್ಗೆ ನೋಡಿದರೆ ಪುಟ್ಟ ದೀಪ ಆರಿತ್ತು. "ಹೊಟ್ಟೆ ತುಂಬಿದೆ" ಎಂದು ಚೀಲಕ್ಕೆ ಹಾಕಿಕೊಂಡರು.

ದಾರಿಯುದ್ದಕ್ಕೂ ಮಾವನದು ಒಂದೇ ಸಮನೆ ಮಾತು. ಕಿಟಕಿ ಪಕ್ಕದ ಮುದುಕರಿಗೆ ಹಳೆಯ ಅಪಘಾತದ ಕಥೆ, ನಿರ್ವಾಹಕನಿಗೆ ಟಿಕೆಟ್ ಯಂತ್ರದ ಬಗ್ಗೆ ಉಪದೇಶ. ಒಬ್ಬ ಹುಡುಗಿ ಹೆದರಿ ನೋಡಿದಾಗ, "ನಾನು ಅರ್ಧ ಮನುಷ್ಯ, ಅರ್ಧ ಮಿಕ್ಸಿ" ಎಂದು ಅವಳನ್ನು ನಗಿಸಿದರು.

"ರೀ, ಸಾಕು. ಸಂಜೆಗೆ ಇರ್ಲಿ."

"ಫುಲ್ ಇದೆ ಅಂದ್ಯಲ್ಲೇ!"

ನಿಲ್ದಾಣದಲ್ಲಿ ಇಳಿದು, ಎದುರು ಬಂದ ಗೆಳೆಯರನ್ನು ತಬ್ಬಿಕೊಂಡು, "ಏನಯ್ಯಾ, ಹೊಟ್ಟೆ ಸ್ಟೇರಿಂಗಿಗೆ ತಾಗ್ತಾ—" ಎನ್ನುವಷ್ಟರಲ್ಲಿ ದುಂಬಿ ಕುಂಯ್‌ಗುಟ್ಟಿ ನಿಂತುಹೋಯಿತು. ಮಾವ ಗುಂಡಿ ಅದುಮಿದರು. ಮತ್ತೆ ಅದುಮಿದರು. ಅವರ ಮುಖದಲ್ಲಿ ಆಗ ಕಂಡದ್ದನ್ನು ನಾನು ಆಸ್ಪತ್ರೆಯ ದಿನಗಳ ನಂತರ ಕಂಡಿರಲಿಲ್ಲ.

ಬಸ್ಸು ಹೊರಡಲು ಒಂದು ಗಂಟೆಯಷ್ಟೇ ಉಳಿದಿತ್ತು. ಊರಿಗೆಲ್ಲ ಮಧ್ಯಾಹ್ನದಿಂದ ಕರೆಂಟಿಲ್ಲ. ನಿಲ್ದಾಣದ ಜನರೇಟರು ದೀಪಗಳಿಗೂ ಮೈಕಿಗೂ ಮಾತ್ರ. ಚಾಲಕರು, "ಹೇಗಾದ್ರೂ ಮಾಡಮ್ಮ, ನಾನು ಗಾಡಿ ತರ್ತೀನಿ" ಎಂದು ಅತ್ತೆಗೆ ಹೇಳಿ ಡಿಪೋಗೆ ನಡೆದರು.

ಅತ್ತೆ ಬೆಂಚಿನಲ್ಲಿ ಕೂತು ದುಂಬಿಯನ್ನು ಪವರ್ ಬ್ಯಾಂಕಿಗೆ ಸಿಕ್ಕಿಸಿದರು. ದೀಪ ಹೊತ್ತಿಕೊಂಡಿತು. ಉಸಿರು ಬಿಡುವಷ್ಟರಲ್ಲಿ ಆರಿತು. ಮತ್ತೆ ಸಿಕ್ಕಿಸಿದರು. ಮತ್ತೆ ಹೊತ್ತಿತು, ಮತ್ತೆ ಆರಿತು.

"ಅಯ್ಯೋ, ರಾತ್ರಿನೂ ಇದೇ ಆಟ ಆಡಿದೆ ಕಣೇ ಇದು. ನಾನು ಹೊಟ್ಟೆ ತುಂಬ್ತು ಅಂದ್ಕೊಂಡೆ."

ಪವರ್ ಬ್ಯಾಂಕೇ ಕೆಟ್ಟಿದೆಯೋ ಎಂದು ನೋಡಲು ನಾನು ನನ್ನ ಫೋನನ್ನು ಎರಡನೆಯ ತೂತಿಗೆ ಸಿಕ್ಕಿಸಿದೆ. ಫೋನೂ ಚಾರ್ಜ್ ಆಗತೊಡಗಿತು, ದುಂಬಿಯ ದೀಪವೂ ಹೊತ್ತಿತು, ಹೊತ್ತಿಕೊಂಡೇ ಇತ್ತು. ಫೋನು ತೆಗೆದೆ. ತುಸು ಹೊತ್ತಿಗೆ ದುಂಬಿಯ ದೀಪವೂ ಪವರ್ ಬ್ಯಾಂಕಿನ ದೀಪವೂ ಆರಿದವು.

"ದುಂಬಿ ಕುಡಿಯೋದು ತೀರಾ ಕಮ್ಮಿ ಅತ್ತೆ. ಇಷ್ಟು ಸಣ್ಣ ಗುಟುಕು ಈ ಪವರ್ ಬ್ಯಾಂಕಿಗೆ ಗೊತ್ತೇ ಆಗಲ್ಲ. ಯಾರೂ ಇಲ್ಲ ಅಂದ್ಕೊಂಡು ಬಾಗ್ಲು ಹಾಕ್ಕೊಂಡು ಮಲಗುತ್ತೆ," ಎಂದೆ.

ಅತ್ತೆ ತಲೆಯಾಡಿಸಿದರು. "ಒಂಟಿ ಮಗು ತಟ್ಟೆ ಮುಂದೆ ಕೂತ ಹಾಗೆ. ಪಕ್ಕದಲ್ಲಿ ಹಸಿದಿರೋ ಇನ್ನೊಂದು ಮಗು ಇದ್ರೆ ತಾನೇ ಉಣ್ಣೋದು? ಹಾಕು ನಿನ್ ಫೋನು."

ಹಾಕಿದೆ. ಆದರೆ ನನ್ನ ಫೋನಿಗೆ ಹಸಿವೆಲ್ಲಿ? ನನಗೆ ಕರೆ ಮಾಡುವವರೂ ಇಲ್ಲ, ನಾನು ಮಾಡುವುದೂ ಇಲ್ಲ. ಅದರ ಹೊಟ್ಟೆ ಸದಾ ತುಂಬಿಯೇ ಇರುತ್ತದೆ. ನೋಡುತ್ತಿದ್ದ ಹಾಗೆ ಪೂರ್ತಿಯಾಯಿತು, ದುಂಬಿಯ ದೀಪವೂ ಆರಿತು. ಅತ್ತೆಯ ಗುಂಡಿ ಫೋನು ಹಾಕೋಣವೆಂದರೆ ಅದರ ಪಿನ್ನೇ ಬೇರೆ.

"ಖಾಲಿಯಾಗಿರೋ ಫೋನ್ ಬೇಕು," ಎಂದರು ಅತ್ತೆ. ದುಂಬಿಯ ಪಿನ್ನು ಸಡಿಲವಾಗಿದ್ದರಿಂದ ಅವರು ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದೇ ಕೂತಿರಬೇಕಾಗಿತ್ತು. "ನನ್ನ ಕೈಗೆ ಬಿಡುವಿಲ್ಲ. ನಿಮ್ಮ ಮಾವನ ಬಾಯಿ ನನ್ನ ಕೈಲೇ ಇದೆ. ಹೋಗು, ಕೇಳು."

"ನಾನಾ?"

"ಇನ್ನೇನು, ಆ ಕಂಬ ಹೋಗಿ ಕೇಳುತ್ತಾ?"

ಮಾವ ನನ್ನ ಕಡೆ ನೋಡಲೂ ಇಲ್ಲ. ಎರಡು ಕೈಯನ್ನೂ ಮಂಡಿಯ ಮೇಲಿಟ್ಟು ಗಾಜಿನ ಕೋಣೆಯನ್ನೇ ನೋಡುತ್ತಿದ್ದರು. ಅವರು ಬೇಡಿದ್ದರೆ ನಾನು ಹೇಗಾದರೂ ತಪ್ಪಿಸಿಕೊಳ್ಳುತ್ತಿದ್ದೆನೇನೋ. ಬೇಡಲಿಲ್ಲ.

ಎದ್ದೆ. ಮೊದಲು ಸಿಕ್ಕಿದ ಗೃಹಸ್ಥರ ಬಳಿ, "ನಿಮ್ಮ ಫೋನು ಸ್ವಲ್ಪ ಕೊಡ್ತೀರಾ?" ಎಂದೆ. ಅವರು ಜೇಬು ಮುಚ್ಚಿಕೊಂಡು ಎದ್ದೇ ಹೋದರು. ಆಸ್ಪತ್ರೆಯ ಬಿಳಿ ಸಮವಸ್ತ್ರದ ಮೇಲೆ ಸ್ವೆಟರು ತೊಟ್ಟ ಒಬ್ಬ ನರ್ಸ್ ಗೋಡೆಗೊರಗಿ ಕೂತಿದ್ದರು. ಅವರೆದುರು ನಿಂತು ಗಂಟಲು ಸರಿಮಾಡಿಕೊಂಡೆ.

"ಅಕ್ಕಾ, ನಿಮ್ಮ ಫೋನ್ ಖಾಲಿಯಾಗಿದ್ಯಾ? ನಮ್ಮತ್ರ ಚಾರ್ಜ್ ಮಾಡ್ಕೊಳ್ಳಿ."

"ಚಾರ್ಜ್ ಕೊಡಿ ಅಂತ ಕೇಳೋರನ್ನ ನೋಡಿದೀನಿ. ತಗೊಳ್ಳಿ ಅಂತ ಬೆನ್ನು ಹತ್ತೋರನ್ನ ಇವತ್ತೇ ನೋಡಿದ್ದು. ಏನ್ ವಿಷ್ಯ?"

ಹೇಳಿದೆ. ಬೇಕಾದ್ದಕ್ಕಿಂತ ಜೋರಾಗಿ, ಒಂದೇ ಉಸಿರಿನಲ್ಲಿ. ಮಾವನ ಗಂಟಲು, ಗೆಳೆಯರ ಕೊನೆಯ ಬಸ್ಸು, ದುಂಬಿಯ ಒಂಟಿ ಊಟ, ಎಲ್ಲವನ್ನೂ. ನಿಲ್ಲಿಸಿದಾಗ ಸುತ್ತಲಿನ ಬೆಂಚುಗಳೆಲ್ಲ ನನ್ನ ಕಡೆ ತಿರುಗಿದ್ದವು. ನರ್ಸ್ ಎದ್ದರು. "ನಂದು ಬೆಳಿಗ್ಗೆನೇ ಸತ್ತಿದೆ. ನಡಿ." ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಅತ್ತೆಯ ಬೆಂಚಿನ ಮುಂದೆ ಸಾಲೇ ನಿಂತಿತು.

"ಒಂದೇ ಸಾಕ್ರಪ್ಪಾ! ಎಲ್ರೂ ಕೂತ್ರೆ ನಮ್ಮ ಕೂಸಿಗೆ ಏನುಳಿಯುತ್ತೆ?" ಎಂದು ಅತ್ತೆ ಉಳಿದವರನ್ನು ಸಾಗಹಾಕಿದರು.

ನರ್ಸಿನ ಸತ್ತ ಫೋನು ಜೀವ ಹಿಡಿಯಿತು. ದುಂಬಿಯ ದೀಪ ಈ ಸಲ ಆರಲಿಲ್ಲ. ಬಸ್ಸುಗಳು ಬಂದವು, ಹೋದವು. ಅತ್ತೆಯ ಹೆಬ್ಬೆರಳು ಬೆಳ್ಳಗಾಗಿತ್ತು, ಆದರೂ ಕೈ ಬದಲಿಸಲಿಲ್ಲ. ಮಾವ ತುಟಿಯಲ್ಲೇ ಏನೋ ಅಂದರು. ಆ ತುಟಿಗಳನ್ನು ಓದಬಲ್ಲ ಅತ್ತೆ, "ಆಗುತ್ತೆ. ಒಂದು ಸಲಕ್ಕಂತೂ ಆಗುತ್ತೆ. ಒಂದೇ ಸಲ ಹೇಳಿ, ಬಂದ್ಬಿಡಿ" ಎಂದರು. ಮಾವ ಇಲ್ಲವೆಂದು ತಲೆಯಾಡಿಸಿ ಎರಡು ಬೆರಳು ತೋರಿಸಿದರು.

"ಇವರ ಹಟಕ್ಕೆ ಯಾವ ಚಾರ್ಜೂ ಬೇಡ," ಎಂದರು ಅತ್ತೆ ನನಗೆ.

ಅಧಿಕಾರಿ ಬೀಗದ ಕೈ ತಂದು ಗಾಜಿನ ಕೋಣೆ ತೆರೆದರು, ನಾವು ಮೂವರೂ ಒಳಗೆ ಹೋದೆವು. ಧೂಳು ಹಿಡಿದ ಗಾಜನ್ನು ಮಾವ ತಮ್ಮ ಕರವಸ್ತ್ರದಿಂದ ಒರೆಸಿದರು, ತಮ್ಮ ಮುಖ ಕಾಣುವಷ್ಟು ಅಗಲಕ್ಕೆ. ಆಚೆ, ತೊಳೆದು ಹೊಳೆಯುತ್ತಿದ್ದ ಬಸ್ಸನ್ನು ಚಾಲಕರು ಅಂಕಣಕ್ಕೆ ತಂದು ನಿಲ್ಲಿಸಿದರು. ಇಂಜಿನ್ನು ಗುಡುಗುತ್ತಲೇ ಇತ್ತು. ಮಾವ ಮೈಕನ್ನು ಬೆರಳಿನಿಂದ ತಟ್ಟಿ, ದುಂಬಿಯನ್ನು ಕತ್ತಿಗೊತ್ತಿದರು.

"ಪ್ರಯಾಣಿಕರ ಗಮನಕ್ಕೆ. ಹಳೇ ಗಿರಣಿ, ಜೋಡಿ ಸೇತುವೆ, ಉಪ್ಪಿನ ಗೋದಾಮು ಮಾರ್ಗವಾಗಿ ಬಂದರಿಗೆ ಹೋಗುವ ಬಸ್ಸು ಎರಡನೇ ಅಂಕಣದಿಂದ ಹೊರಡಲು ಸಿದ್ಧವಾಗಿದೆ."

ಗುಂಯ್‌ಗುಡುವ ಆ ದನಿ ಸೂರಿನ ತಗಡುಗಳಿಗೆಲ್ಲ ತಾಗಿ ಬಂತು. ಓಡಾಡುತ್ತಿದ್ದವರು ನಿಂತರು. ಬಂದರಿನ 'ಬ' ಎಷ್ಟು ಚೊಕ್ಕಟವಾಗಿತ್ತೆಂದರೆ ನನ್ನ ಕಣ್ಣು ಮಂಜಾಯಿತು. ಗೆಳೆಯನಿಗೆ ಶುಭಾಶಯವಿಲ್ಲ, ನೆನಪುಗಳಿಲ್ಲ. ಕೆಲಸದ ಮಾತು, ಅಷ್ಟೇ.

ಆಮೇಲೆ ಎರಡನೆಯ ಸಲ. "ಪ್ರಯಾಣಿಕರ ಗಮನಕ್ಕೆ. ಹಳೇ ಗಿರಣಿ, ಜೋಡಿ—"

ದುಂಬಿ ನಿಂತಿತು.

ನಾನು ಮೈಕಿನ ಕಡೆ ಒಂದು ಹೆಜ್ಜೆ ಇಟ್ಟಿದ್ದೆ. ಆ ಸಂಜೆ ನನ್ನ ಬಾಯಿ ಆಗಲೇ ತೆರೆದಿತ್ತು, ಉಳಿದದ್ದನ್ನು ನಾನೇ ಹೇಳಿಬಿಡುತ್ತಿದ್ದೆ. ಅತ್ತೆ ನನ್ನ ಮಣಿಕಟ್ಟು ಹಿಡಿದರು.

"ಬಿಡು. ಹೇಳ್ತಾ ಇದಾರೆ."

ಮಾವ ಹೇಳುತ್ತಿದ್ದರು. ದುಂಬಿಯನ್ನು ಕತ್ತಿನಿಂದ ತೆಗೆಯದೆ, ಅವಸರಿಸದೆ, ತುಟಿಗಳನ್ನು ಪೂರ್ತಿ ತೆರೆದು, ಪೂರ್ತಿ ಮುಚ್ಚಿ. ಸೇತುವೆ. ಉಪ್ಪಿನ ಗೋದಾಮು. ಬಂದರು. ಮೈಕಿನಲ್ಲಿ ಬರೀ ಅವರ ತುಟಿ ಬಡಿಯುವ ಸಣ್ಣ ಸದ್ದು. ಒರೆಸಿದ ಗಾಜಿನಾಚೆ ಚಾಲಕರು ಸ್ಟೇರಿಂಗಿನ ಮೇಲೆ ಎರಡು ಕೈಯನ್ನೂ ಇಟ್ಟುಕೊಂಡು ಕಣ್ಣು ಕದಲಿಸದೆ ನೋಡುತ್ತಿದ್ದರು. ಹಿಂದಿನ ಬಸ್ಸಿನವನು ದಾರಿ ಬಿಡಿ ಎಂದು ಹಾರ್ನ್ ಮಾಡಿದ. ಅವರು ಅಲುಗಲಿಲ್ಲ.

ಸಿದ್ಧವಾಗಿದೆ, ಎಂದವು ಮಾವನ ತುಟಿಗಳು. ಮುಚ್ಚಿದವು.

ಆಗ ಚಾಲಕರು ಹಣೆಗೆ ಕೈಯೆತ್ತಿ ಸಲಾಂ ಮಾಡಿ, ಗೇರ್ ಹಾಕಿದರು.